ಎಲ್ಡನ್ ರಿಂಗ್ ಗೇಮ್‌ನ ಕೊನೆಯ ಬಾಸ್ ಹತ್ರ ಅರುವತ್ತು ಸಲ ಸತ್ತೆ, ಎಂತ ಮಾಡುದು ಮಾರ್ರೆ?

ಬದಿಯಡ್ಕ_ಪಿಎಸ್4

ಎಲ್ಲರಿಗೂ ನಮಸ್ಕಾರ. ಇಲ್ಲಿ ಕನ್ನಡದಲ್ಲೇ ಕೇಳ್ಬಹುದು ಅಂತ ಫ್ರೆಂಡ್ ಒಬ್ಬ ಹೇಳಿದ, ಅದಕ್ಕೆ ಬಂದೆ. ಇಂಗ್ಲಿಷ್ ವಿಡಿಯೊ ನೋಡಿ ನೋಡಿ ತಲೆ ಹಾಳಾಗಿದೆ, ಮಲಯಾಳಂನಲ್ಲಿ ಒಬ್ಬ ಮಾಡಿದ್ದಾನೆ, ಚಂದ ಉಂಟು, ಆದ್ರೆ ಅವನ ಲೆವೆಲ್ 200 ದಾಟಿದೆ, ಅವ ಕೆಮ್ಮಿದ್ರೂ ಬಾಸ್ ಬೀಳ್ತದೆ, ಅದರಿಂದ ನಂಗೆ ಎಂತ ಉಪಯೋಗ.

ವಿಷಯ ಎಂತ ಅಂದ್ರೆ, ನಾನು ಇಷ್ಟು ದೊಡ್ಡ ಆರ್‌ಪಿಜಿ ಆಡುದು ಇದೇ ಮೊದಲು, ಮಾವನ ಮಗ ಗಲ್ಫಿಗೆ ಹೋಗುವಾಗ ಪಿಎಸ್4 ಮತ್ತೆ ಈ ಡಿಸ್ಕ್ ಕೊಟ್ಟು ಹೋದ. ಮಳೆಗಾಲ ಅಲ್ವಾ, ತೋಟದ ಕೆಲಸ ಇಲ್ಲ, ಜೂನ್‌ನಿಂದ ಕೂತು ಆಡಿ ಆಡಿ ಕೊನೆಗೆ ಬಂದು ಮುಟ್ಟಿದ್ದೇನೆ. ಮಲೇನಿಯಾ ಅಂತ ಇನ್ನೊಂದು ಬಾಸ್ ಉಂಟಲ್ಲ, ಅವಳ ಹತ್ರ ಹೋಗ್ಲೇ ಇಲ್ಲ, ಅವಳ ವಿಡಿಯೊ ನೋಡಿಯೇ ಹೆದರಿಕೆ ಆಯ್ತು. ಆದ್ರೆ ಈ ಕೊನೆಯವನನ್ನು ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ ಅಲ್ವಾ, ದಾರಿಯೇ ಅದು.

ಮೊದಲು ರಾಡಗನ್ ಸುತ್ತಿಗೆ ಹಿಡ್ಕೊಂಡು ಬರ್ತಾನೆ. ಅವನನ್ನು ಹತ್ತರಲ್ಲಿ ನಾಲ್ಕು ಸಲ ಹೇಗೋ ಮುಗಿಸ್ತೇನೆ. ಅವ ಸತ್ತ ಅಂತ ಉಸಿರು ಬಿಡುವಾಗ ನೆಲ ಎಲ್ಲ ನೀರಾಗಿ ಆ ದೊಡ್ಡ ಬಂಗಾರದ ಪ್ರಾಣಿ ಏಳ್ತದೆ, ಎಲ್ಡನ್ ಬೀಸ್ಟ್. ಅಷ್ಟೊತ್ತಿಗೆ ನನ್ನ ಹತ್ರ ಜೀವ ತುಂಬಿಸುವ ಕೆಂಪು ಫ್ಲಾಸ್ಕ್ ಒಂದೋ ಎರಡೋ ಇರುದು. ಅದು ದೂರ ಹೋಗಿ ನಿಂತು ನಕ್ಷತ್ರ ಬಿಡ್ತದೆ, ನಾನು ಓಡಿ ಹತ್ರ ಹೋಗುವಾಗ ಅದು ಮತ್ತೆ ಇನ್ನೊಂದು ಕಡೆಗೆ ಈಜಿ ಹೋಗ್ತದೆ. ಹೊಡೆದ್ರೂ ಅದರ ಬಾರ್ ಚೂರೂ ಇಳಿಯುದಿಲ್ಲ, ಗೋಡೆಗೆ ಸುಣ್ಣ ಹಚ್ಚಿದ ಹಾಗೆ.

ನನ್ನದು: ಲೆವೆಲ್ 118. ವಿಗರ್ 25, ಮೈಂಡ್ 20, ಎಂಡ್ಯೂರೆನ್ಸ್ 30, ಸ್ಟ್ರೆಂತ್ 50, ಡೆಕ್ಸ್ 18, ಇಂಟ್ 9, ಫೇತ್ 36, ಆರ್ಕೇನ್ 9. ಆಯುಧ ಗೋಲ್ಡನ್ ಹಾಲ್ಬರ್ಡ್ +9, ಶುರುವಿಗೆ ಕುದುರೆ ಮೇಲೆ ಕೂತು ಎಲ್ಲರನ್ನೂ ಕೊಲ್ತಾನಲ್ವಾ ಟ್ರೀ ಸೆಂಟಿನೆಲ್, ಅವನದ್ದು. ಅದೊಂದನ್ನು ಹಿಡ್ಕೊಂಡೇ ಇಷ್ಟು ದೂರ ಬಂದದ್ದು. ತಾಲಿಸ್ಮನ್‌ನಲ್ಲಿ, ಅಂದ್ರೆ ತಾಯಿತದಲ್ಲಿ, ರಾಡಗನ್ಸ್ ಸೋರ್‌ಸೀಲ್ ಉಂಟು, ಮತ್ತೆ ಎಂತೆಂತದೋ. ಮಿಮಿಕ್ ಟಿಯರ್ +6 ಉಂಟು, ನನ್ನದೇ ರೂಪದ ಭೂತ, ಸಹಾಯಕ್ಕೆ ಕರೀತೇನೆ, ಅದೂ ನನ್ನ ಹಾಗೆಯೇ ಬೇಗ ಸಾಯ್ತದೆ.

ಇನ್ನು ಲೆವೆಲ್ ಏರಿಸ್ಬೇಕಾ, ಇಲ್ಲ ನನ್ನ ಕೈಯೇ ಸರಿ ಇಲ್ವಾ? ಅಮ್ಮ ನಿನ್ನೆ ರಾತ್ರಿ ಕೇಳಿದ್ರು, "ಅದು ಒಂದೇ ಜನ ಅಲ್ವಾ, ಇನ್ನೂ ಸತ್ತಿಲ್ವಾ" ಅಂತ.

ಕುಂಬ್ಳೆ_ಹಿಮ್ಮೇಳ

ಬದಿಯಡ್ಕದವರೇ, ತಪ್ಪು ನಿಮ್ಮ ಕೈಯದ್ದಲ್ಲ, ಕೈಯಲ್ಲಿ ಇರುದರದ್ದು.

ಗೋಲ್ಡನ್ ಹಾಲ್ಬರ್ಡ್‌ನ ಪೆಟ್ಟಿನಲ್ಲಿ ಒಂದು ಪಾಲು ಹೋಲಿ ಡ್ಯಾಮೇಜ್, ಅಂದ್ರೆ ದೈವೀ ಬೆಳಕಿನ ಪೆಟ್ಟು. ರಾಡಗನ್ನೂ ಬೀಸ್ಟೂ ಇಬ್ಬರೂ ಹೋಲಿಯನ್ನು ಶೇಕಡಾ 80 ತಡೀತಾರೆ. ಅಂದ್ರೆ ನೀವು ನೂರು ಕೊಟ್ರೆ ಅಲ್ಲಿ ತಾಗುದು ಇಪ್ಪತ್ತು. ಅವರೇ ಎರ್ಡ್‌ಟ್ರೀ ಅಂತ ಆ ಬಂಗಾರದ ಮರದ ದೇವರ ಕಡೆಯವರು, ಅವರಿಗೆ ಆ ಬಂಗಾರದ ಬೆಳಕಿನಲ್ಲೇ ಹೊಡೆಯುದು ಅಂದ್ರೆ ಭಟ್ರಿಗೆ ಮಂತ್ರ ಕಲಿಸ್ಲಿಕ್ಕೆ ಹೋದ ಹಾಗೆ. ಇಷ್ಟು ದೂರ ಅದು ಚಂದ ಕೆಲಸ ಮಾಡಿದೆ, ಹೌದು, ಇಲ್ಲಿ ಮಾತ್ರ ಅದನ್ನು ಕೆಳಗಿಡಿ.

ಎರಡನೇದ್ದು ಆ ಸೋರ್‌ಸೀಲ್. ಅದನ್ನು ಫೋರ್ಟ್ ಫಾರೋತ್‌ನಲ್ಲಿ ತೆಗೆದದ್ದು ತಾನೆ, ಎಲ್ಲರೂ ಹಾಗೆಯೇ, ಹಾಕಿದ ಮೇಲೆ ತೆಗೀಲಿಕ್ಕೆ ಮರೀತಾರೆ. ಅದು ನಾಲ್ಕು ಕಡೆ ಐದೈದು ಪಾಯಿಂಟ್ ಕೊಡ್ತದೆ, ಆದ್ರೆ ನೀವು ತಿನ್ನುವ ಪ್ರತಿ ಪೆಟ್ಟನ್ನು ಶೇಕಡಾ 15 ಜಾಸ್ತಿ ಮಾಡ್ತದೆ. ಲೆಕ್ಕ ಹಾಕಿ ನೋಡಿ. ವಿಗರ್ 25ಕ್ಕೆ 800 ಎಚ್‌ಪಿ (ಜೀವದ ಬಾರ್), ಸೀಲ್ ಹಾಕಿದ ಮೇಲೆ 30ರ ಲೆಕ್ಕದಲ್ಲಿ 994. ಖುಷಿ ಆಗ್ತದೆ ಬಾರ್ ನೋಡ್ಲಿಕ್ಕೆ. ಆದ್ರೆ ಪೆಟ್ಟು 15 ಜಾಸ್ತಿ ಅಲ್ವಾ, 994ನ್ನು 1.15ರಿಂದ ಭಾಗಿಸಿ, 864. ಅಷ್ಟೆಲ್ಲ ಮಾಡಿ ನಿಮಗೆ ಸಿಕ್ಕಿದ್ದು 64 ಎಚ್‌ಪಿ. ಅದೇ ಸೀಲ್ ಇಲ್ಲದೆ ವಿಗರ್ 50 ಮಾಡಿದ್ರೆ 1704, ಈಗ ಇರುದರ ಹತ್ರತ್ರ ಎರಡು ಪಾಲು. 60ಕ್ಕೆ 1900, ಅಲ್ಲಿಂದ ಮೇಲೆ ಹಾಕುದು ದಂಡ.

ಲೆವೆಲ್ ಏರಿಸುದು ಬೇಡ. ರೆನ್ನಾಲಾ ಹತ್ರ ಹೋಗಿ, ರಾಯಾ ಲುಕೇರಿಯಾದ ಲೈಬ್ರರಿಯಲ್ಲಿ ಕೂತಿದ್ದಾಳಲ್ಲ, ಒಂದು ಲಾರ್ವಲ್ ಟಿಯರ್ ಕೊಟ್ರೆ ಪಾಯಿಂಟ್ ಪೂರ್ತಿ ಬಿಚ್ಚಿ ಹೊಸದಾಗಿ ಹಾಕ್ಬಹುದು. ಅದೇ 118ರಲ್ಲಿ ಹೀಗೆ ಮಾಡಿ: ವಿಗರ್ 50, ಮೈಂಡ್ 18, ಎಂಡ್ಯೂರೆನ್ಸ್ 22, ಸ್ಟ್ರೆಂತ್ 24, ಡೆಕ್ಸ್ 15, ಇಂಟ್ 9, ಫೇತ್ 50, ಆರ್ಕೇನ್ 9. ಕೂಡಿಸಿ ನೋಡಿದ್ದೇನೆ, ಸರಿ ಬರ್ತದೆ.

ಇದು ಯಾವ ಆಯುಧಕ್ಕೆ ಅಂದ್ರೆ ಬ್ಲಾಸ್ಫಿಮಸ್ ಬ್ಲೇಡ್. ರೈಕಾರ್ಡ್‌ನನ್ನು ಕೊಂದಿದ್ದೀರಾ, ವಾಲ್ಕೆನೊ ಮೇನರ್‌ನ ಆ ಹಾವು? ಕೊಂದಿದ್ರೆ ಸಿಕ್ಕಿದ ಅವನ ರಿಮೆಂಬ್ರೆನ್ಸ್ ಚೀಲದಲ್ಲಿ ಉಂಟಾ ನೋಡಿ, ರೂನ್ (ಆಟದ ದುಡ್ಡು) ಆಸೆಗೆ ಒಡೆದು ತಿಂದಿರದಿದ್ರೆ ರೌಂಡ್‌ಟೇಬಲ್‌ನಲ್ಲಿ ಎನಿಯಾ ಅಜ್ಜಿಗೆ ಕೊಡಿ, ಕತ್ತಿ ಕೊಡ್ತಾಳೆ. ಅದಕ್ಕೆ ಸ್ಟ್ರೆಂತ್ 22, ಡೆಕ್ಸ್ 15, ಫೇತ್ 21 ಬೇಕು. ಅದರ ಸ್ಕಿಲ್ ಟೇಕರ್ಸ್ ಫ್ಲೇಮ್ಸ್, ನೆಲಕ್ಕೆ ಹೊಡೆದ್ರೆ ಬೆಂಕಿ ಸಾಲಾಗಿ ಮುಂದೆ ಹೋಗ್ತದೆ, ತಾಗಿದ್ರೆ ನಿಮ್ಮ ಎಚ್‌ಪಿ ಏರ್ತದೆ. ದೂರದಲ್ಲಿ ನಿಂತು ಆಟ ಆಡಿಸುವ ಬೀಸ್ಟ್‌ಗೆ ಇದಕ್ಕಿಂತ ಒಳ್ಳೆ ಮದ್ದಿಲ್ಲ. ಫ್ಲಾಸ್ಕ್ ಕುಡಿಯುವ ಬದಲು ಹೊಡೆದು ಹೊಡೆದೇ ಗುಣ ಆಗುದು.

ಹಾಲ್ಬರ್ಡ್ ಪೂರ್ತಿ ಬಿಸಾಡ್ಬೇಡಿ, ಅದರ ಸ್ಕಿಲ್ ಗೋಲ್ಡನ್ ವಾವ್ ಅಲ್ವಾ, ಪೆಟ್ಟೂ ಏರಿಸ್ತದೆ ರಕ್ಷಣೆಯನ್ನೂ ಏರಿಸ್ತದೆ. ಸ್ಟ್ರೆಂತ್ 24ಕ್ಕೆ ಇಳಿಸಿದ್ರೆ ಒಂದು ಕೈಯಲ್ಲಿ ಹಿಡೀಲಿಕ್ಕೆ ಆಗುದಿಲ್ಲ, ಅದಕ್ಕೆ 30 ಬೇಕು, ಆದ್ರೆ ಎರಡು ಕೈಯಲ್ಲಿ ಹಿಡಿದ್ರೆ ಒಂದೂವರೆ ಪಟ್ಟು ಲೆಕ್ಕ, 36 ಆಗ್ತದೆ. ಮಂಜಿನ ಬಾಗಿಲ ಎದುರು ಎರಡು ಕೈಯಲ್ಲಿ ಹಿಡ್ಕೊಂಡು ವಾವ್ ಹಾಕಿ, ಕತ್ತಿಗೆ ಬದಲಾಯಿಸಿ, ಒಳಗೆ ಹೋಗಿ.

ಮತ್ತೆ ಇನ್ನೊಂದು, ಇದು ಮುಖ್ಯ. ರಾಡಗನ್‌ಗೆ 13,339 ಎಚ್‌ಪಿ, ಬೀಸ್ಟ್‌ಗೆ 22,127. ಅಂದ್ರೆ ಒಂದು ರೂಪಾಯಿ ಕೆಲಸದಲ್ಲಿ ರಾಡಗನ್ ಆರಾಣೆ, ಬೀಸ್ಟ್ ಹತ್ತಾಣೆ. ನೀವು ಆರಾಣೆಗೇ ಎಲ್ಲ ಫ್ಲಾಸ್ಕ್ ಖಾಲಿ ಮಾಡ್ತಾ ಇದ್ದೀರಿ. ಮಧ್ಯದಲ್ಲಿ ಯಾರೂ ತುಂಬಿಸಿ ಕೊಡುದಿಲ್ಲ. ರಾಡಗನ್ ಸಾಯುವಾಗ ಕೆಂಪು ಆರಕ್ಕಿಂತ ಕಡಿಮೆ ಇದ್ರೆ ಆ ಸಲದ್ದು ಬರೀ ಬೀಸ್ಟ್‌ನ ಪ್ರಾಕ್ಟೀಸ್ ಅಂತ ಇಟ್ಕೊಳ್ಳಿ, ಗೆಲ್ಲುವ ಆಸೆಯಲ್ಲಿ ಅವಸರ ಮಾಡ್ಬೇಡಿ, ಅದು ಎಂತ ಮಾಡ್ತದೆ ಅಂತ ನೋಡಿ ಅಷ್ಟೆ.

ಹೊಸೂರ್_ಹೈದ

ಗುರು ಮೇಲಿನವ್ರು ಹೇಳಿರೋದು ನೂರಕ್ಕೆ ನೂರು ಕರೆಕ್ಟ್, ನಂದು ಒಂದೆರಡು ಮಾತು.

ಮಿಮಿಕ್ ಬೇಗ ಸಾಯ್ತದೆ ಅಂದ್ರಲ್ಲ, ಅದು ನಿಮ್ಮ ಕಾಪಿ ಗುರು, ನೀವು ಹೆಂಗೋ ಅದೂ ಹಂಗೇ. ನೀವು ಹಾಲ್ಬರ್ಡ್ ಹಿಡ್ಕೊಂಡು ಕರೆದ್ರೆ ಅದೂ ಹಾಲ್ಬರ್ಡ್‌ನಲ್ಲೇ ಹೋಲಿ ಹೊಡೀತಾ ಕೂರ್ತದೆ. ಬ್ಲಾಸ್ಫಿಮಸ್ ಹಿಡ್ಕೊಂಡು ಕರೀರಿ, ಅದೂ ಬೆಂಕಿ ಹಾಕ್ತದೆ, ಅದೂ ಹೊಡೆದು ವಾಸಿ ಆಗ್ತದೆ, ನೋಡೋಕೇ ಮಜಾ. ಇನ್ನೊಂದೇನಂದ್ರೆ ಮಿಮಿಕ್ ಕರೆಯೋಕೆ ಎಫ್‌ಪಿ (ಸ್ಕಿಲ್‌ಗೆ ಖರ್ಚಾಗೋ ನೀಲಿ ಬಾರ್) ಅಲ್ಲ, ನಿಮ್ಮ ಎಚ್‌ಪಿನೇ 660 ಕಿತ್ಕೊಳ್ತದೆ. ನಿಮ್ದು ಇರೋದೇ 994. ಉಳಿಯೋದು 334! ಅಷ್ಟರಲ್ಲಿ ರಾಡಗನ್ ಎದುರಿಗೆ ನಡ್ಕೊಂಡ್ ಬರ್ತಿರ್ತಾನೆ, ಮೊದಲ ಫ್ಲಾಸ್ಕ್ ಅಲ್ಲೇ ಹೋಯ್ತು. ವಿಗರ್ ಯಾಕೆ ಬೇಕು ಅಂತ ಇದೊಂದೇ ಸಾಕು.

ಕರೆಯೋಕೆ ಬ್ಲ್ಯಾಕ್ ನೈಫ್ ಟೀಶ್ ಅನ್ನೋ ಇನ್ನೊಂದು ಭೂತ ಇದ್ರೆ ಅವಳೂ ಸೂಪರ್. ಅವಳ ಕಪ್ಪು ಬೆಂಕಿ ಬಾಸ್‌ನ ಒಟ್ಟು ಎಚ್‌ಪಿ ಲೆಕ್ಕದಲ್ಲಿ ಪರ್ಸೆಂಟ್ ತಿನ್ನುತ್ತೆ, ಬಾಸ್ ದೊಡ್ಡದಾದಷ್ಟು ಅವಳಿಗೆ ಹಬ್ಬ. ಆದ್ರೆ ಅವಳು ಸಿಗೋಕೆ ರಾನಿ ಕ್ವೆಸ್ಟ್ ಉದ್ದಕ್ಕೂ ಮಾಡಿ ಅಲೆಕ್ಟೋನ ಸೋಲಿಸಿರ್ಬೇಕು, ಮತ್ತೆ ಟೀಶ್‌ಗೆ ಎಫ್‌ಪಿ ಬೇಕು, ಮೈಂಡ್ ಕಮ್ಮಿ ಇದ್ರೆ ಬರಲ್ಲ. ನಿಮಗೆ ಮಿಮಿಕ್ಕೇ ಸಾಕು ಅನ್ಸುತ್ತೆ, ಅದನ್ನ ಏರಿಸೋ ಗ್ಲೋವ್‌ವರ್ಟ್ ಹೂವು ಇದ್ರೆ +10 ಮಾಡ್ಕೊಳ್ಳಿ.

ಆನ್‌ಲೈನ್ ಯಾರನ್ನೋ ಕರೀಬೇಡಿ, ಮನುಷ್ಯರನ್ನ ಕರೆದ್ರೆ ಬಾಸ್ ಎಚ್‌ಪಿ ಜಾಸ್ತಿ ಆಗುತ್ತೆ, ಆಶ್ (ಮಿಮಿಕ್ ತರದ ಭೂತ) ಕರೆದ್ರೆ ಆಗಲ್ಲ. ನಮ್ ಕಡೆ ನಂ ಫ್ರೆಂಡ್ ಒಬ್ಬ ರಿವರ್ಸ್ ಆಫ್ ಬ್ಲಡ್ ಅನ್ನೋ ರಕ್ತ ಸುರಿಸೋ ಕತ್ತಿ ಹಿಡ್ಕೊಂಡು ಗೇಮ್ ಪೂರ್ತಿ ಬೆಣ್ಣೆ ಕುಯ್ದಂಗೆ ಕುಯ್ಕೊಂಡು ಬಂದ, ಎಲ್ಡನ್ ಬೀಸ್ಟ್ ಹತ್ರ ಬಂದು ನಿಂತ್ಕೊಂಡ. ಅದಕ್ಕೆ ರಕ್ತಾನೇ ಇಲ್ವಲ್ಲ ಮಗ, ಬ್ಲೀಡ್ ಬರಲ್ಲ, ವಿಷ ಏರಲ್ಲ, ಚಳಿ ಹಿಡಿಯಲ್ಲ, ನಿದ್ದೆ ಬರಲ್ಲ, ಹುಚ್ಚೂ ಹಿಡಿಯಲ್ಲ. ಬರೀ ಪೆಟ್ಟಿಂದಲೇ ಸಾಯ್ಬೇಕು. ನಾಲ್ಕು ದಿನ ಆಮೇಲೆ ಅವನೂ ರೆನ್ನಾಲಾ ಹತ್ರ ಹೋದ.

ಅಕ್ಕಲಕೋಟ_ಒಂಟಿಸಲಗ

ಎಲ್ಲಾರೂ ಮಿಮಿಕ್ ಮಿಮಿಕ್ ಅಂತೀರಿ, ನನಗ ಇದು ತಿಳಿಯೂದಿಲ್ರಿ. ಭೂತ ಕರದು ಇಬ್ಬರು ಕೂಡಿ ಒಬ್ಬನ್ನ ಬಡದ್ರ ಅದೇನ್ ಗೆದ್ದಂಗ ಆತು? ನಾನು ಗ್ರೇಟ್‌ಸೋರ್ಡ್ ಒಂದ ಹಿಡದು ಒಬ್ಬನ ಹೊಡದೀನಿ. ಇಪ್ಪತ್ತು ದಿನ ಹಿಡೀತು, ಸುಳ್ಳ್ ಹೇಳೂದಿಲ್ಲ, ಆದ್ರ ಹೊಡದಾಗ ಆದ ಖುಷಿ ಬ್ಯಾರೇನ ಅದ.

ಹೋಗ್ಲಿ, ಕೇಳ್ಯಾರ ಅಂದ್ರ ಹೇಳ್ತೀನಿ. ರಾಡಗನ್ ಮುಂದ ಹಿಂದಕ್ಕ ಹೊಳ್ಳಿ ಉರುಳಬ್ಯಾಡ್ರಿ. ಹೊಸಬ್ರೆಲ್ಲಾ ಹೆದರಿ ಹಿಂದಕ್ಕ ಉರುಳತಾರ, ಅವನ ಸುತ್ತಿಗಿ ಉದ್ದ ಅದ, ಬೆಳಕಿನ ಅಲಿ ಅದಕ್ಕಿಂತಾ ಉದ್ದ ಅದ, ಹಿಂದ ಹೋದವಗ ಸರಿಯಾಗಿ ಬಡೀತದ. ಅವನ ಕಡೀಗೇ, ಕಂಕುಳದ ಕೆಳಗ ನುಸುಳಿ ಹೋಗ್ರಿ. ಮತ್ತ ಅವ ನೆಲಕ್ಕ ಮೂರು ಸಲ ಬಡಿಯೂದು ಒಂದದ, ಒಂದು, ಎರಡು, ಮೂರು, ಪ್ರತಿಯೊಂದು ಹಿಂದಿನಕ್ಕಿಂತ ದೊಡ್ಡದು. ಅದು ಶುರು ಆದಾಗ ಹೊಡಿಯೂ ಆಸೆ ಬಿಟ್ಟು ಬರೇ ತಪ್ಪಿಸ್ಕೋರಿ. ಮುಗದ ಮ್ಯಾಲ ಸುಮ್ನ ನಿಂತಿರ್ತಾನ ಒಂದೀಟು, ಆಗ ಜಿಗದು ಒಂದು ಹೆವಿ ಹಾಕ್ರಿ. ಜಂಪ್ ಹೆವಿ ಹಾಕ್ಕೋತ ಹೋದ್ರ ಅವ ಮಂಡಿ ಊರ್ತಾನ, ಎದಿಗೆ ಚುಚ್ಚಾಕ ಸಿಗ್ತಾನ.

ಮಾಯ ಆಗಿ ಹತ್ರ ಬಂದು ನಿಲ್ತಾನಲ್ಲ, ಆವಾಗ ಗಾಬರಿ ಆಗಿ ಬಟನ್ ಒತ್ತಬ್ಯಾಡ್ರಿ. ಅವ ಬಂದ ಕೂಡಲೆ ಬಡಿಯೂದಿಲ್ಲ, ಒಂದು ಕ್ಷಣ ತಡದು ಬಡೀತಾನ.

ಬೀಸ್ಟ್‌ಗೆ ಲಾಕ್ ತಗದಬಿಡ್ರಿ. ಲಾಕ್ ಹಾಕಿದ್ರ ಕ್ಯಾಮೆರಾ ಅದರ ಮಾರಿ ಹಿಡಕೊಂಡು ಮ್ಯಾಲ ಆಕಾಶ ತೋರಸ್ತದ, ಕೆಳಗ ಏನ್ ಬರ್ಲಿಕತ್ತದ ಅಂತ ಕಾಣೂದಿಲ್ಲ. ನನಗ ಇದೊಂದು ಗೊತ್ತಾಗಾಕ ಹದಿನೈದು ದಿನ ಬೇಕಾತು.

ಕುಂಬ್ಳೆ_ಹಿಮ್ಮೇಳ

ಅಕ್ಕಲಕೋಟದವರೇ ಒಬ್ಬರೇ ಗೆದ್ದಿರಿ, ಒಪ್ಪಿದೆ, ದೊಡ್ಡ ಮಾತು. ಆದ್ರೆ ನನ್ನ ಹೆಸರು ನೋಡಿ, ನಾನು ಯಕ್ಷಗಾನದ ಪಾರ್ತಿಸುಬ್ಬನ ಊರಿನವ. ಹಿಮ್ಮೇಳ ಇಟ್ಕೊಂಡು ಕುಣಿದ್ರೆ ಅದು ವೇಷಧಾರಿಯ ಕುಣಿತ ಅಲ್ಲ ಅಂತ ಯಾರಾದ್ರೂ ಹೇಳ್ತಾರಾ? ಭಾಗವತರು, ಚೆಂಡೆ, ಮದ್ದಳೆ ಎಲ್ಲ ಹಿಂದೆ ಕೂತದ್ದು ಯಾಕೆ ಮತ್ತೆ. ಆಶ್ ಕರೆಯುವ ಗಂಟೆಯನ್ನು ಆಟ ಮಾಡಿದವರೇ ಕೈಗೆ ಕೊಟ್ಟದ್ದು, ಆ ಕೋಣೆಯಲ್ಲೂ ಕರೀಲಿಕ್ಕೆ ಬಿಟ್ಟದ್ದು ಅವರೇ. ಬೇಡ ಅಂತಿದ್ರೆ ಅಲ್ಲಿ ತೆಗೀತಿದ್ರು.

ಆ ಟೈಮಿಂಗ್ ವಿಷಯ ನೀವು ಹೇಳಿದ್ದು ಚಿನ್ನದ ಮಾತು. ನಾನು ಮನೆಯಲ್ಲಿ ತಮ್ಮನಿಗೆ ಹೀಗೆ ಹೇಳಿಕೊಟ್ಟದ್ದು: ಸುತ್ತಿಗೆ ಎತ್ತುವಾಗ ಒತ್ಬೇಡ, ಇಳಿಯುವಾಗ ಒತ್ತು. ಚೆಂಡೆಯವ ಕೋಲು ಎತ್ತಿದ ಅಂತ ಹೆಜ್ಜೆ ಇಟ್ರೆ ತಾಳ ತಪ್ತದೆ ಅಲ್ವಾ, ಪೆಟ್ಟು ಬೀಳುವಾಗ ಇಡ್ಬೇಕು. ಅವನಿಗೆ ಅದು ತಲೆಗೆ ಹೋಯ್ತು, ಬೇರೆ ಎಂತ ಹೇಳಿದ್ರೂ ಹೋಗ್ಲಿಲ್ಲ.

ಬೀಸ್ಟ್‌ನದ್ದು ನಾನು ಮೊದಲು ಬರೀಲಿಲ್ಲ, ಈಗ ಬರೀತೇನೆ, ಅಲ್ಲೇ ಎಲ್ಲರೂ ಸಾಯುದು.

ಒಂದು, ಎಲ್ಡನ್ ಸ್ಟಾರ್ಸ್. ಬಂಗಾರದ ದೊಡ್ಡ ಚುಕ್ಕಿ ಒಂದು ಮೆಲ್ಲ ಹೊರಟು ನಿಮ್ಮ ಹಿಂದೆ ಬರ್ತದೆ, ಅದರಿಂದ ಸಣ್ಣ ಸಣ್ಣದು ಮಳೆ ಹನಿಯ ಹಾಗೆ ಬೀಳ್ತಾ ಇರ್ತದೆ, ಬೇಗ ಮುಗಿಯುದೂ ಇಲ್ಲ. ಇದಕ್ಕೆ ಉರುಳಿದ್ರೆ ಸತ್ರಿ. ಒಂದು ಉರುಳು ಮುಗಿಯುವಾಗ ಮೂರು ತಾಗಿರ್ತದೆ. ಓಡ್ಬೇಕು, ಅಡ್ಡಕ್ಕೆ, ನಿಲ್ಲದೆ. ಅದಕ್ಕೇ ಸ್ಟ್ಯಾಮಿನಾ ಅರ್ಧ ಯಾವಾಗಲೂ ಇಟ್ಕೊಳ್ಳಿ, ಹೊಡೆಯುವ ಆಸೆಯಲ್ಲಿ ಪೂರ್ತಿ ಖಾಲಿ ಮಾಡಿದವನಿಗೇ ಅದು ಬರುದು, ನನಗಂತೂ ಯಾವಾಗಲೂ ಹಾಗೆಯೇ ಆದದ್ದು.

ಮತ್ತೆ ಆ ಉಂಗುರ. ನಿಮ್ಮ ಸುತ್ತ ನೆಲದ ಮೇಲೆ ಬಂಗಾರದ ಉಂಗುರ ಬಿದ್ದು ಒಳಗೆ ಸಣ್ಣದಾಗ್ತಾ ಬರ್ತದೆ. ಅದನ್ನು ಹಾರಿ ದಾಟುದು, ಉರುಳುದಲ್ಲ. ಹಾರುವ ಬಟನ್ ಅಂತ ಒಂದುಂಟು ಅಂತ ಈ ಆಟದಲ್ಲಿ ಎಲ್ಲರೂ ಮರ್ತಿರ್ತಾರೆ.

ಕತ್ತಿ ಬೀಸಿದಾಗ ಬೆಳಕಿನ ಅಲೆ ಬರ್ತದೆ, ಅದಕ್ಕೆ ಮಾತ್ರ ಎದುರಿಗೇ ಉರುಳಿ. ಬಾಯಿಂದ ಬಂಗಾರದ ಬೆಂಕಿ ಉಗುಳುವಾಗ ಅದರ ಹೊಟ್ಟೆ ಕೆಳಗೆ ಹೋಗಿ ನಿಂತ್ರೆ ಆಯ್ತು, ಹೊಡೀಲಿಕ್ಕೆ ಅದೇ ಒಳ್ಳೆ ಸಮಯ.

ತಾಲಿಸ್ಮನ್: ಸೋರ್‌ಸೀಲ್ ತೆಗೆದು ಹಾಲಿಗ್‌ಡ್ರೇಕ್ ಹಾಕಿ, ಹೋಲಿ ಪೆಟ್ಟು ಕಡಿಮೆ ಮಾಡ್ತದೆ. +2 ಮೋಗ್ವಿನ್ ಪ್ಯಾಲೇಸ್‌ನಲ್ಲಿ ಸಿಗ್ತದೆ. ಫೈರ್ ಸ್ಕಾರ್ಪಿಯನ್ ಚಾರ್ಮ್ ಬೆಂಕಿ ಏರಿಸ್ತದೆ, ಆದ್ರೆ ಫಿಸಿಕಲ್ ಪೆಟ್ಟು ಜಾಸ್ತಿ ತಿನ್ನಬೇಕಾಗ್ತದೆ, ರಾಡಗನ್ ಹತ್ರ ನನಗೆ ಅದು ಸರಿ ಬರ್ಲಿಲ್ಲ. ಅಲೆಕ್ಸಾಂಡರ್ ಮಡಕೆಯ ಕಥೆ ಕೊನೆವರೆಗೆ ಮಾಡಿದ್ರೆ ಅವನ ಚೂರು ಸಿಕ್ಕಿರ್ತದೆ, ಸ್ಕಿಲ್‌ನ ಪೆಟ್ಟು ಏರಿಸುದು, ಅದು ಖಂಡಿತ ಹಾಕಿ. ಪಾಪ ಅಲೆಕ್ಸಾಂಡರ್. ಫಿಸಿಕ್ ಅಂತ ಮದ್ದಿನ ಫ್ಲಾಸ್ಕ್ ಉಂಟಲ್ಲ, ಅದರಲ್ಲಿ ಬೆಂಕಿ ಏರಿಸುವ ಕಣ್ಣೀರು ಮತ್ತೆ ಪೆಟ್ಟು ಕಡಿಮೆ ಮಾಡುವ ಓಪಲೈನ್ ಹಾರ್ಡ್‌ಟಿಯರ್ ಹಾಕಿ, ಎರಡೂ ಮೂರು ಮೂರು ನಿಮಿಷ. ರಾಡಗನ್‌ಗೆ ಕುಡೀಬೇಡಿ, ಬೀಸ್ಟ್ ಎದ್ದ ಮೇಲೆ ಕುಡೀರಿ.

ಮಡಕಶಿರಾ_ಕಡ್ಲೆಕಾಯಿ

ಅಣ್ಣಾ ಎಲ್ರೂ ಓಡು ಓಡು ಅಂತಾವ್ರೆ, ಕುದ್ರೆ ಹತ್ತಿದ್ರೆ ಆಗಲ್ವಾ? 2024ರಲ್ಲಿ ಬಂದ ಅಪ್‌ಡೇಟ್‌ನಲ್ಲಿ ಬೀಸ್ಟ್ ಫೈಟ್‌ನಲ್ಲಿ ನಮ್ ಕುದ್ರೆ ಟಾರೆಂಟ್ ಕರೆಯೋಕೆ ಬಿಟ್ಟವ್ರೆ. ಗೇಮ್ ಬಂದಿದ್ದು 2022 ಫೆಬ್ರವರಿ, ಎರಡು ವರ್ಷ ಜನ ಓಡಿ ಓಡಿ ಬೈಕೊಂಡು ಸಾಕಾದ ಮೇಲೆ ಕೊಟ್ರು. ನಾನು ಕುದ್ರೆ ಮೇಲೇ ಹೊಡ್ದಿದ್ದು. ಅದು ಆ ಕಡೆ ಈಜಿ ಹೋದ್ರೆ ನಾನೂ ಆ ಕಡೆ, ಈ ಕಡೆ ಬಂದ್ರೆ ನಾನೂ ಈ ಕಡೆ. ನಕ್ಷತ್ರ ಬಂದ್ರೆ ಸುಮ್ನೆ ಓಡಿಸ್ಕೊಂಡು ಹೋಗೋದು.

ಬದಿಯಡ್ಕ_ಪಿಎಸ್4

ಅಯ್ಯೋ ಇಷ್ಟು ಜನ ಬರೀತೀರಿ ಅಂತ ಗೊತ್ತಿರ್ಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್.

ರೈಕಾರ್ಡ್ ರಿಮೆಂಬ್ರೆನ್ಸ್ ಚೀಲದಲ್ಲೇ ಉಂಟು!! ಎಂತಕ್ಕೆ ಅಂತ ಗೊತ್ತಿಲ್ಲದೆ ಇಟ್ಟಿದ್ದೆ, ಮಾರ್ಲಿಕ್ಕೆ ಮನಸ್ಸು ಬರ್ಲಿಲ್ಲ ಅಷ್ಟೆ. ಲಾರ್ವಲ್ ಟಿಯರ್ ಐದು ಉಂಟು. ಸೋರ್‌ಸೀಲ್‌ನ ಲೆಕ್ಕ ನೋಡಿ ನಗಾಡಿದೆ, ಅರುವತ್ತನಾಲ್ಕು ಎಚ್‌ಪಿಗೆ ನಾನು ಐವತ್ತು ಗಂಟೆ ಅದನ್ನು ಹೊತ್ಕೊಂಡು ತಿರುಗಿದೆ. ಹಾಲಿಗ್‌ಡ್ರೇಕ್ ನನ್ನ ಹತ್ರ ಬರೀ ಮೊದಲನೇದ್ದು ಉಂಟು, +2 ಅಂತ ಹೇಳಿದ್ರಲ್ಲ ಆ ಪ್ಯಾಲೇಸ್ ಎಲ್ಲಿ ಅಂತ ಗೊತ್ತಿಲ್ಲ.

ಕುದುರೆ ನಾನು ಕರೆದು ನೋಡಿದೆ, ಬರುದೇ ಇಲ್ಲ. ಬಟನ್ ಬೂದು ಬಣ್ಣದಲ್ಲಿ ಉಂಟು.

ಮಡಕಶಿರಾ_ಕಡ್ಲೆಕಾಯಿ

ಡಿಸ್ಕ್ ಹಾಕಿ ಹಂಗೇ ಆಡ್ತಾ ಇದ್ದೀಯಾ ಅಣ್ಣ? ನೆಟ್‌ಗೆ ಹಾಕಿ ಅಪ್‌ಡೇಟ್ ಮಾಡಿದ್ದೀಯಾ? ಮೆನುವಿನಲ್ಲಿ ವರ್ಷನ್ ನಂಬರ್ ನೋಡು. ಡಿಸ್ಕ್‌ನಲ್ಲಿರೋದು 2022ರ ಆಟ, ಅದ್ರಲ್ಲಿ ಕುದ್ರೆ ಎಲ್ಲಿಂದ ಬರ್ತದೆ.

ಬದಿಯಡ್ಕ_ಪಿಎಸ್4

ಅದೇ ವಿಷಯ ಮಾರ್ರೆ. ಒಂದು ಸಲವೂ ಅಪ್‌ಡೇಟ್ ಮಾಡ್ಲಿಲ್ಲ. ನಮ್ಮಲ್ಲಿ ಮಳೆ ಬಂದ್ರೆ ಕರೆಂಟೇ ಇಲ್ಲ, ಇನ್ನು ನೆಟ್ ಎಲ್ಲಿಂದ, ಮೊಬೈಲ್ ರೇಂಜ್ ಅಂಗಳದ ಹಲಸಿನ ಮರದ ಹತ್ರ ಮಾತ್ರ ಇರುದು. ನಾಳೆ ಕಾಸರಗೋಡಿಗೆ ಹೋಗ್ಲಿಕ್ಕುಂಟು, ಅತ್ತೆ ಮನೆಯಲ್ಲಿ ವೈಫೈ ಉಂಟು, ಪಿಎಸ್4ನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ತಗೊಂಡು ಹೋಗ್ತೇನೆ.

ಕುಂಬ್ಳೆ_ಹಿಮ್ಮೇಳ

ಮೊಣಕಾಲಷ್ಟೂ ಇಲ್ಲದ ನೀರು, ಅದರಲ್ಲಿ ಟಾರೆಂಟ್ ಓಡಿಸುದು, ಅದಕ್ಕೆ ಕೊಂಬೂ ಉಂಟಲ್ಲ. ಇನ್ನೆಂತ, ಪೈವಳಿಕೆ ಕಂಬಳವೇ. ಬೆತ್ತ ಒಂದು ಇಲ್ಲ ಅಷ್ಟೆ.

ತಮಾಷೆ ಬಿಡಿ, ಕುದುರೆ ಮೇಲಿಂದ ಟೇಕರ್ಸ್ ಫ್ಲೇಮ್ಸ್ ಹಾಕ್ಲಿಕ್ಕೆ ಆಗುದಿಲ್ಲ, ಸ್ಕಿಲ್ ಎಲ್ಲ ಕೆಳಗಿಳಿದ ಮೇಲೆಯೇ. ನನ್ನ ಸಲಹೆ, ಹತ್ರ ಹೋಗ್ಲಿಕ್ಕೆ ಮತ್ತೆ ನಕ್ಷತ್ರ ತಪ್ಪಿಸ್ಲಿಕ್ಕೆ ಕುದುರೆ, ಹೊಡೀಲಿಕ್ಕೆ ಕೆಳಗೆ. ಮಡಕಶಿರಾದವರು ಮೇಲಿಂದಲೇ ಹೊಡೆದಿದ್ದಾರೆ ಅಂದ್ರೆ ಅವರ ತಾಳ್ಮೆ ದೊಡ್ಡದು.

ಅಕ್ಕಲಕೋಟ_ಒಂಟಿಸಲಗ

ಈಗ ಕುದರಿನೂ ಬಂತು. ಇನ್ನ ಜೆಸಿಬಿ ಒಂದು ತಂದಬಿಡ್ರಿ.

ಬದಿಯಡ್ಕ_ಪಿಎಸ್4

ಮೂರು ದಿನ ಆಯ್ತು, ಅಪ್‌ಡೇಟ್ ಕೊಡ್ತೇನೆ.

ಅತ್ತೆ ಮನೆಯಲ್ಲಿ ಡೌನ್‌ಲೋಡ್ ಆಗ್ಲಿಕ್ಕೆ ಅರ್ಧ ರಾತ್ರಿ ಆಯ್ತು, ಅಲ್ಲೇ ಮಲಗಿದೆ. ಬೆಳಿಗ್ಗೆ ಅಲ್ಲೇ ಟಿವಿಗೆ ಹಾಕಿ ರೆನ್ನಾಲಾ ಹತ್ರ ಹೋಗಿ ಪೂರ್ತಿ ನೀವು ಹೇಳಿದ ಹಾಗೆ ಹಾಕಿದೆ. ಕತ್ತಿ +8 ವರೆಗೆ ಮಾಡಿದೆ, ಕಲ್ಲು ಅಷ್ಟೇ ಇದ್ದದ್ದು. ಹಾಲ್ಬರ್ಡ್ ಕೆಳಗಿಡುವಾಗ ಚೂರು ಬೇಜಾರಾಯ್ತು ನಿಜ ಹೇಳುದಾದ್ರೆ.

ಮೊದಲ ಸಲ ಹೋದಾಗಲೇ ವ್ಯತ್ಯಾಸ ಗೊತ್ತಾಯ್ತು. ಮೊದಲು ರಾಡಗನ್‌ನ ಎರಡು ಪೆಟ್ಟಿಗೆ ಹೋಗ್ತಿದ್ದವ ಈಗ ಎರಡು ತಿಂದು ನಿಂತು ಯೋಚನೆ ಮಾಡ್ಲಿಕ್ಕೆ ಸಮಯ ಸಿಕ್ತದೆ. ಆದ್ರೂ ಸತ್ತೆ, ಒಟ್ಟು ಒಂಬತ್ತು ಸಲ ಸತ್ತೆ ಆ ದಿನ. ಹಿಂದಕ್ಕೆ ಉರುಳುವ ಅಭ್ಯಾಸ ಬಿಡ್ಲಿಕ್ಕೆ ಆಗುದಿಲ್ಲ, ಬೆರಳು ಕೇಳುದಿಲ್ಲ. ಕಂಕುಳದ ಕೆಳಗೆ ಅಂತ ಬಾಯಲ್ಲಿ ಹೇಳ್ತಾ ಹೇಳ್ತಾ ಆಡಿದೆ, ಅತ್ತೆ ಎಂತ ಜಪ ಮಾಡ್ತಿದ್ದಿ ಅಂತ ಕೇಳಿದ್ರು.

ಹತ್ತನೇ ಸಲ ರಾಡಗನ್ ಸಾಯುವಾಗ ಕೆಂಪು ಏಳು ಇತ್ತು, ಮಿಮಿಕ್ ಬದುಕಿತ್ತು. ಲಾಕ್ ತೆಗೆದೆ. ಕುದುರೆ ಹತ್ತಿದೆ, ಹತ್ರ ಹೋದೆ, ಇಳಿದು ಬೆಂಕಿ ಹಾಕಿದೆ, ಅದು ಈಜಿ ಹೋಯ್ತು, ಮತ್ತೆ ಹತ್ತಿದೆ. ಉಂಗುರಕ್ಕೆ ಮೊದಲ ಸಲ ಹಾರಿದೆ ಎರಡನೇ ಸಲ ಮರ್ತೆ, ಅದರಲ್ಲಿ ಎರಡು ಫ್ಲಾಸ್ಕ್ ಹೋಯ್ತು. ಫಿಸಿಕ್ ಕುಡಿಯುದೇ ಮರ್ತಿದ್ದೆ, ಅರ್ಧದಲ್ಲಿ ನೆನಪಾಯ್ತು. ಕೊನೆಗೆ ಮಿಮಿಕ್ಕೇ ಕೊನೆಯ ಪೆಟ್ಟು ಹಾಕಿತು, ನಾನು ಆಗ ಇನ್ನೊಂದು ಮೂಲೆಯಲ್ಲಿ ನಕ್ಷತ್ರದಿಂದ ಓಡ್ತಾ ಇದ್ದೆ. ತಿರುಗಿ ನೋಡುವಾಗ ಪ್ರಾಣಿ ಕರಗ್ತಾ ಉಂಟು. ಅಕ್ಕಲಕೋಟದವರು ಕ್ಷಮಿಸ್ಬೇಕು.

ಈಗ ಆ ಒಡೆದ ಮರಿಕಾ ದೇವತೆ ಎದುರು ನಿಂತಿದ್ದೇನೆ, ಮುಟ್ಟಿದ್ರೆ ಆಟ ಮುಗೀತದಾ? ಮುಗಿದ ಮೇಲೆ ಎಲ್ಲ ಹೋಗ್ತದಾ?

ಹೊಸೂರ್_ಹೈದ

ಬಿದ್ದಿದ್ದು ಬಿತ್ತಲ್ಲ ಗುರು, ಯಾರು ಹೊಡೆದ್ರೆ ಏನು! ಕಂಗ್ರಾಟ್ಸ್!!

ಮುಟ್ಟಿ, ಎಂಡಿಂಗ್ ಬರುತ್ತೆ. ಅದಾದ್ಮೇಲೆ ಜರ್ನಿ 2, ಅಂದ್ರೆ ಆಟ ಮತ್ತೆ ಮೊದಲಿಂದ, ಶುರು ಮಾಡ್ಬೇಕಾ ಅಂತ ಕೇಳುತ್ತೆ, ಈಗ ಬೇಡ ಅನ್ನಿ. ಜರ್ನಿ 2ರಲ್ಲಿ ಎಲ್ಲ ಶತ್ರುಗಳೂ ಗಟ್ಟಿ ಆಗ್ತಾರೆ, ಯಾವಾಗ ಬೇಕಾದ್ರೂ ರೌಂಡ್‌ಟೇಬಲ್‌ನ ಗ್ರೇಸ್‌ನಿಂದ ಶುರು ಮಾಡ್ಬಹುದು, ಅರ್ಜೆಂಟ್ ಇಲ್ಲ. ಮೊದಲು ಡಿಎಲ್‌ಸಿ (ಆಮೇಲೆ ಬಂದ ಹೆಚ್ಚುವರಿ ಭಾಗ) ಮುಗಿಸಿ, ಶ್ಯಾಡೋ ಆಫ್ ದಿ ಎರ್ಡ್‌ಟ್ರೀ. ಅದರ ಕೊನೆ ಬಾಸ್ ಮುಂದೆ ಈ ಬೀಸ್ಟ್ ಕರು ಗುರು.

ಅಕ್ಕಲಕೋಟ_ಒಂಟಿಸಲಗ

ಅಭಿನಂದನೆ ರೀ. ಮಿಮಿಕ್‌ಗೂ ಹೇಳ್ರಿ.

ಡಿಎಲ್‌ಸಿ ಕೊನೀ ಬಾಸ್ ರಾಡಾನ್ ಮೊದಲ ಬಂದಾಗ ಕಣ್ಣ ಕಾಣ್ತಿದ್ದಿಲ್ಲ ಅಷ್ಟು ಬೆಳಕ ಹಾಕ್ತಿದ್ದ, 2024 ಸೆಪ್ಟೆಂಬರದಾಗ 1.14 ಅಪ್‌ಡೇಟ್ ಬಂದ ಮ್ಯಾಲ ಒಂದೀಟು ಮೆತ್ತಗ ಆಗ್ಯಾನ. ನಾನು ಅದಕ್ಕೂ ಮುಂಚೇನ ಹೊಡದೀನಿ. ಆವಾಗ ಮಿಮಿಕ್ ಕರದಿದ್ದೆ. ಯಾರಿಗೂ ಹೇಳಿಲ್ಲ ಇಷ್ಟು ದಿನ.

ಕುಂಬ್ಳೆ_ಹಿಮ್ಮೇಳ

ಹ್ಹಹ್ಹಹ್ಹ ಅಕ್ಕಲಕೋಟದವರೇ, ಹಿಮ್ಮೇಳಕ್ಕೆ ಸ್ವಾಗತ.

ಬದಿಯಡ್ಕದವರೇ, ಡಿಎಲ್‌ಸಿ ಶುರು ಮಾಡ್ಬೇಕಾದ್ರೆ ಎರಡು ಜನ ಸತ್ತಿರ್ಬೇಕು, ಸ್ಟಾರ್‌ಸ್ಕರ್ಜ್ ರಾಡಾನ್ ಮತ್ತೆ ಮೋಗ್. ರಾಡಾನ್ ಹೇಗೂ ಸತ್ತಿರ್ತಾನೆ, ಮಿಮಿಕ್ ಸಿಕ್ಕಿದೆ ಅಂದ ಮೇಲೆ, ಅವ ಸಾಯದೆ ಅದು ಇರುವಲ್ಲಿಗೆ ದಾರಿ ತೆರೆಯುದಿಲ್ಲ. ಮೋಗ್‌ನದ್ದು ಆಯ್ತಾ?

ಬದಿಯಡ್ಕ_ಪಿಎಸ್4

ಯಾವ ಮೋಗ್?